ಚಿಕ್ಕಪ್ಪನ ಕಿವಿ, ಚಿಕ್ಕಮ್ಮನ ಕಂಪ್ಯೂಟರ್

ನಾನು ಹೇಳಹೊರಟಿರುವುದು ನಾನು ಹೇಳುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ಅದು ಎರಡು ಸಾವಿರದ ನಾಲ್ಕನೇ ಇಸವಿಯೋ ಐದೋ ಎಂಬಲ್ಲಿಯೇ ಗೊಂದಲವಿದೆ. ಭಾನುವಾರ ಎಂದು ನನ್ನ ನೆನಪು. ಎರಡನೇ ಶನಿವಾರ ಎಂದು ಚಿಕ್ಕಮ್ಮನದು. ‘ವಾರ ಕಟ್ಕೊಂಡು ಏನ್ ಮಾಡ್ತೀರಾ, ಲೈನ್ ಸಿಕ್ತೋ ಇಲ್ವೋ ಅಷ್ಟು ಹೇಳಿ’ ಎಂಬುದು ಚಿಕ್ಕಪ್ಪನ ನಿಲುವು. ತಪ್ಪು ಯಾರದು ಎಂಬ ಪ್ರಶ್ನೆಗಂತೂ ನಮ್ಮ ಮನೆಯಲ್ಲಿ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಮೂರರಲ್ಲೂ ತಪ್ಪು ಮಾಡಿದವರು ಉತ್ತರ ಹೇಳುತ್ತಿರುವವರಲ್ಲ, ಉಳಿದಿಬ್ಬರಲ್ಲಿ ಒಬ್ಬರು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಕಂಡದ್ದನ್ನು ಕಂಡ ಕೂಡಲೇ ಬರೆದಿಡು, ನೆನಪನ್ನು ನಂಬಬೇಡ ಎಂದು ಎರಡು ವರ್ಷ ಪ್ರಯೋಗಾಲಯದಲ್ಲಿ ಬೈಸಿಕೊಂಡು ಕಲಿತವನು. ಆದರೂ ಆ ದಿನ ಏನನ್ನೂ ಬರೆದಿಡಲಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂ ತುಂಬಿದ ಕುಂಕುಮದ ಬಟ್ಟಲು ಹಿಡಿದು ನಿಂತವನು ಬರೆಯುವುದಾದರೂ ಯಾವ ಕೈಯಿಂದ?

ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ನನ್ನ ಚಿಕ್ಕಪ್ಪನಿಗೆ ದೇವರು ಕೊಟ್ಟ ಎರಡು ಕಣ್ಣುಗಳು ಮುಖಕ್ಕೆ ಲಕ್ಷಣವಾಗಿರಲಿ ಎಂದು ಕೊಟ್ಟವು. ಪ್ರಪಂಚವನ್ನು ಅವರು ತಿಳಿದುಕೊಳ್ಳುವುದು ಕಿವಿಯಿಂದ.

ಮೂವತ್ತು ಚಿಲ್ಲರೆ ವರ್ಷ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಹಳೆಯ ಕಾಲದ ಎಕ್ಸ್‌ಚೇಂಜು. ಕರೆಗಳನ್ನು ಜೋಡಿಸುವ ಸಾವಿರಾರು ರಿಲೇಗಳು ಟಕಟಕ ಎನ್ನುತ್ತಿದ್ದ ದೊಡ್ಡ ಹಾಲು. ಆ ಗದ್ದಲದಲ್ಲಿ ಯಾವುದೋ ಮೂಲೆಯ ಒಂದು ರಿಲೇ ‘ಟಕ್’ ಅನ್ನುವ ಬದಲು ‘ಟೊಕ್’ ಅಂದರೆ ಇವರು ತಿಂಡಿ ಬಿಟ್ಟು ಎದ್ದು ಹೋಗಿ ಅದರ ಮುಂದೆ ನಿಲ್ಲುತ್ತಿದ್ದರಂತೆ. ಆಮೇಲೆ ಹೊಸ ಯಂತ್ರಗಳು ಬಂದವು. ಅವು ಮಾತೇ ಆಡಲಿಲ್ಲ. ‘ಮೂಗರ ಜೊತೆ ಹೆಂಗೋ ಕೆಲ್ಸ ಮಾಡೋದು’ ಎಂದು ಚಿಕ್ಕಪ್ಪ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಗೋವಿಂದರಾಜನಗರದ ಮನೆಯ ಮೊದಲ ಮಹಡಿಯಲ್ಲಿ ಕೂತರು. ಅಲ್ಲಿಂದ ಆ ಬೀದಿಯ ಯಾವ ಯಂತ್ರಕ್ಕೂ ಗುಟ್ಟು ಅಂತ ಉಳಿಯಲಿಲ್ಲ.

ಕೆಳಗಿನ ಮನೆಯ ಕುಕ್ಕರು ಕೂಗಿದರೆ ಇವರು ಬಾಲ್ಕನಿಗೆ ಬಂದು, ‘ಅಮ್ಮಾ, ನಿಮ್ಮ ಗ್ಯಾಸ್ಕೆಟ್ ಇನ್ನೊಂದು ವಾರ ಅಷ್ಟೇ’ ಎನ್ನುತ್ತಿದ್ದರು. ಆಕೆಗೆ ಸಿಟ್ಟು ಬರುತ್ತಿತ್ತು. ಮುಂದಿನ ವಾರ ಗ್ಯಾಸ್ಕೆಟ್ ಹೋದಾಗ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು. ರಸ್ತೆಯಲ್ಲಿ ಸ್ಕೂಟರ್ ಹೋದರೆ ಕಾರ್ಬುರೇಟರ್ ತೊಳೆಸಬೇಕು ಎಂದು ಸವಾರನ ಬೆನ್ನಿಗೆ ಕೂಗಿ ಹೇಳುವುದು, ಮದುವೆಮನೆಯಲ್ಲಿ ಜನರೇಟರ್ ಪಕ್ಕ ಹೋಗಿ ಕಣ್ಣುಮುಚ್ಚಿ ನಿಲ್ಲುವುದು, ಇವೆಲ್ಲ ನಿತ್ಯದ ಸಂಗತಿ.

ನನಗೆ ಹೆಣ್ಣು ನೋಡಲು ಆರ್‌ಪಿಸಿ ಲೇಔಟಿನ ಒಂದು ಮನೆಗೆ ಹೋಗಿದ್ದೆವು. ಹುಡುಗಿ ಉಪ್ಪಿಟ್ಟು ತಂದಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಚಿಕ್ಕಪ್ಪ ತಲೆ ಎತ್ತಿ ಫ್ಯಾನನ್ನು ಆಲಿಸುತ್ತಿದ್ದರು. ‘ಯಜಮಾನ್ರೇ, ಬೇರಿಂಗ್ ಒಣಗಿದೆ. ಒಂದು ಸ್ಟೂಲ್ ಕೊಡ್ತೀರಾ?’ ಎಂದರು. ಹುಡುಗಿಯ ತಂದೆ ಸಂಕೋಚದಿಂದ ಸ್ಟೂಲ್ ಕೊಟ್ಟರು. ಮುಂದಿನ ಅರ್ಧ ಗಂಟೆ ಭಾವಿ ಬೀಗರು ಸ್ಟೂಲ್ ಹಿಡಿದುಕೊಂಡು ನಿಂತಿದ್ದರು. ಮಾತುಕತೆ ಆಡಬೇಕಾದ ಚಿಕ್ಕಪ್ಪ ಮೇಲಿನಿಂದ ಎಣ್ಣೆ ಕೇಳುತ್ತಿದ್ದರು. ಫ್ಯಾನು ಸರಿಹೋಯಿತು. ಸಂಬಂಧ ಸರಿಹೋಗಲಿಲ್ಲ.

ಇನ್ನು ಚಿಕ್ಕಮ್ಮ. ಆಕೆ ಕನ್ನಡ ಪಂಡಿತ ಪರೀಕ್ಷೆ ಪಾಸು ಮಾಡಿ, ಕೆಲಸ ಸಿಗದೆ, ಐವತ್ತು ದಾಟುವ ಹೊತ್ತಿಗೆ ವಿಜಯನಗರದಲ್ಲಿ ಕಂಪ್ಯೂಟರ್ ಟೈಪಿಂಗ್ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಡಿ.ಟಿ.ಪಿ. ಶುರು ಮಾಡಿದವರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ. ಮಾರೇನಹಳ್ಳಿಯ ಪ್ರೆಸ್ಸೊಂದು ಮ್ಯಾಟರ್ ಕಳಿಸುತ್ತಿತ್ತು. ಇವರು ಜೋಡಿಸಿ ಕೊಡುತ್ತಿದ್ದರು. ಒತ್ತಕ್ಷರ ತಪ್ಪದ ಕಾರ್ಡು ಬೇಕಾದರೆ ಆ ಅಕ್ಕನ ಹತ್ತಿರವೇ ಮಾಡಿಸಿ ಎಂದು ಸುತ್ತಮುತ್ತ ಹೆಸರಾಗಿತ್ತು. ಕೊಟ್ಟ ಗಡುವು ಒಂದು ಸಲವೂ ತಪ್ಪಿಸಿದವರಲ್ಲ. ಅದು ಅವರ ಹೆಮ್ಮೆ. ಬೇರೆ ಯಾವುದಕ್ಕೂ ಅವರು ಹೆಮ್ಮೆಪಟ್ಟದ್ದನ್ನು ನಾನು ಕಂಡಿಲ್ಲ, ಗಂಡನ ವಿಷಯಕ್ಕಂತೂ ಖಂಡಿತ ಇಲ್ಲ.

ಆದರೆ ಆ ವರ್ಷ ಅವರಿಗೆ ತಲೆನೋವು ಹತ್ತಿಕೊಂಡಿತ್ತು. ದೊಡ್ಡ ಅಕ್ಷರ ಕಾಣಲಿ ಎಂದು ಹಿಂದಿನ ವರ್ಷವೇ ದೊಡ್ಡದೊಂದು ಡಬ್ಬಿ ಮಾನಿಟರ್ ತಂದದ್ದಾಗಿತ್ತು. ಅದರ ಮುಂದೆ ಒಂದು ಗಂಟೆ ಕೂತರೆ ಹುಬ್ಬಿನ ಮೇಲೆ ಸುತ್ತಿಗೆ ಬಡಿದ ಹಾಗಾಗುತ್ತಿತ್ತಂತೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಸರಿಯಾಗಿದೆ ಎಂದರು, ಕನ್ನಡಕ ಬದಲಾಯಿಸಿದರು, ಏನೂ ಗುಣವಾಗಲಿಲ್ಲ. ‘ಈ ಸೀಸನ್ನಿನ ಮದುವೆಗಳು ಮುಗೀಲಿ ಕಣೋ. ಕಂಪ್ಯೂಟರ್ ಮಾರ್ಬಿಟ್ಟು ಸುಮ್ನೆ ಕೂತ್ಕೋತೀನಿ’ ಎಂದು ನನ್ನ ಹತ್ತಿರ ಹೇಳಿದರು. ಹೇಳುವಾಗ ಕೀಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು.

ಇಂಥ ಹೊತ್ತಿನಲ್ಲಿ ನಮ್ಮ ಚಿಕ್ಕಪ್ಪ ಏನು ಮಾಡಬೇಕು ಹೇಳಿ? ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ಆ ಕಂಪ್ಯೂಟರಿಗೆ ಹೊಸದೊಂದು ಗ್ರಾಫಿಕ್ಸ್ ಕಾರ್ಡ್ ತಂದರು. ಕಂಪ್ಯೂಟರಿನಿಂದ ಚಿತ್ರವನ್ನು ತೆರೆಗೆ ಕಳಿಸುವ ಹಲಗೆ ಅದು. ಯಾಕೆ ಎಂದು ಕೇಳಿದರೆ, ‘ಕಾರ್ ರೇಸಿನ ಆಟ ಬಂದಿದೆಯಂತೆ. ಹಳೇ ಕಾರ್ಡಲ್ಲಿ ಓಡಲ್ವಂತೆ’ ಎಂದರು.

ಅರವತ್ತರ ಹತ್ತಿರ ಬಂದ ಮನುಷ್ಯ. ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ.

ಚಿಕ್ಕಮ್ಮ ಎರಡು ದಿನ ಸಾರಿಗೆ ಒಗ್ಗರಣೆ ಹಾಕಲಿಲ್ಲ, ಅಷ್ಟೆ.

ನಾನು ಆ ಭಾನುವಾರ ಹೋಗಿದ್ದು ಊಟಕ್ಕೆ. ಎಸ್.ಪಿ. ರಸ್ತೆಯ ಅಂಗಡಿಗಳು ಮುಚ್ಚಿವೆ ಎಂದು ಆಮೇಲೆ ನಾವು ಕೈಕೈ ಹಿಸುಕಿಕೊಂಡದ್ದು ನೆನಪಿರುವುದರಿಂದ ಅದು ಭಾನುವಾರವೇ ಇರಬೇಕು. ಕೋಣೆಗೆ ಕಾಲಿಟ್ಟರೆ ಚಿಕ್ಕಪ್ಪ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ತೊಳೆದಿಟ್ಟ ತಟ್ಟೆಯ ಹಾಗೆ ಗೋಡೆಗೆ ಒರಗಿಸಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು.

‘ರೀ, ನಾಳೆ ಬೆಳಿಗ್ಗೆ ಮಾರೇನಹಳ್ಳಿ ಮದುವೆ ಕಾರ್ಡು ಕೊಡ್ಬೇಕು. ಹನ್ನೊಂದು ಸಲ ತಿದ್ದಿರೋ ಕಾರ್ಡು. ಎಲ್ಲಾ ಆ ಡಬ್ಬದೊಳಗೇ ಇದೆ. ಇವತ್ತೇ ಬಿಚ್ಬೇಕಾ?’

‘ಹತ್ತು ನಿಮಿಷ ಕಣೇ. ಹಳೇದು ತೆಗ್ಯೋದು, ಹೊಸದು ಚುಚ್ಚೋದು.’

ಆ ಹನ್ನೊಂದು ತಿದ್ದುಪಡಿಯ ಬಗ್ಗೆ ಒಂದು ಮಾತು ಹೇಳಬೇಕು. ಲಗ್ನಪತ್ರಿಕೆಯಲ್ಲಿ ಮುಹೂರ್ತಕ್ಕಿಂತ ಮುಖ್ಯವಾದದ್ದು ಕೆಳಗಡೆ ‘ಸುಖಾಗಮನ ಬಯಸುವವರು’ ಎಂದು ಬರುವ ಹೆಸರುಗಳ ಸಾಲು. ಮದುವೆ ಹುಡುಗಿಯ ದೊಡ್ಡಪ್ಪನ ಹೆಸರು ಸೋದರಮಾವನ ಹೆಸರಿನ ಕೆಳಗೆ ಹೋಯಿತೆಂದು ಒಂದು ವಾರ ಮಾತು ನಿಂತಿತ್ತು. ಅತ್ತೆಯರನ್ನು ವಯಸ್ಸಿನ ಪ್ರಕಾರ ಹಾಕಿದಾಗ ಇಬ್ಬರು ಅತ್ತೆಯರು ತಮ್ಮ ವಯಸ್ಸನ್ನೇ ಒಪ್ಪಲಿಲ್ಲ. ಫೋನಿನಲ್ಲಿ ಬಂದ ತಿದ್ದುಪಡಿಗಳನ್ನು ಚಿಕ್ಕಮ್ಮ ನೇರವಾಗಿ ಕಂಪ್ಯೂಟರಿಗೇ ಹಾಕಿಕೊಂಡಿದ್ದರು. ಕಾಗದದಲ್ಲಿದ್ದದ್ದು ಮೊದಲ ಪ್ರತಿ ಮಾತ್ರ. ಫ್ಲಾಪಿಗೆ ಒಂದು ನಕಲು ಹಾಕಿಟ್ಟಿದ್ದರು, ಆ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಅಂದರೆ ಐವತ್ತೆರಡು ಬಂಧುಗಳ ಮಾನಮರ್ಯಾದೆ ಆ ತಗಡಿನ ಡಬ್ಬದೊಳಗೆ ಇತ್ತು.

ಗ್ರಾಫಿಕ್ಸ್ ಕಾರ್ಡು ಚುಚ್ಚುವ ಮೊದಲು ಇನ್ನೊಂದು ಕಟ್ಟಳೆ ಇತ್ತು. ಆ ಮನೆಗೆ ಹೊಸದಾಗಿ ಏನು ಬಂದರೂ ಮೊದಲು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಬೇಕು. ಮಿಕ್ಸಿಗೆ ಹಚ್ಚಿದ್ದಾರೆ, ಗ್ಯಾಸ್ ಸಿಲಿಂಡರಿಗೆ ಹಚ್ಚಿದ್ದಾರೆ, ನನ್ನ ಎಂ.ಎಸ್ಸಿ. ಅಂಕಪಟ್ಟಿಗೂ ಹಚ್ಚಿದ್ದರಿಂದ ಎರಡನೇ ಪತ್ರಿಕೆಯ ಅಂಕ ಇಂದಿಗೂ ಕಾಣುವುದಿಲ್ಲ. (ಅದರಿಂದ ನನಗೆ ಲಾಭವೇ ಆಗಿದೆ.) ಗಂಡನ ಮೇಲೆ ಎಷ್ಟೇ ಸಿಟ್ಟಿದ್ದರೂ ಕಾರ್ಡಿನ ಮೇಲೆ ಸಿಟ್ಟು ತೋರಿಸುವುದು ಚಿಕ್ಕಮ್ಮನ ಧರ್ಮವಲ್ಲ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲದಿಂದ ತೆಗೆದ ಕಾರ್ಡನ್ನು ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಮಲಗಿಸಿ, ದೇವರ ಮುಂದಿಟ್ಟು, ನೀರಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟಿದ್ದಾಯಿತು. ಯಾರು ಇಟ್ಟರು, ಎಲ್ಲಿ ಇಟ್ಟರು ಎಂಬ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಚಿಕ್ಕಪ್ಪ ಹಳೆಯ ಕಾರ್ಡು ಕಿತ್ತು ಹೊಸದನ್ನು ಒತ್ತಿದರು. ಸ್ವಿಚ್ ಹಾಕಿದರು. ಒಳಗಿನ ಫ್ಯಾನು ತಿರುಗಿತು. ತೆರೆ ಕಪ್ಪಗೇ ಉಳಿಯಿತು. ಆಮೇಲೆ ಡಬ್ಬದ ಒಳಗಿನಿಂದ ಒಂದು ಸದ್ದು ಬಂತು: ಉದ್ದವಾಗಿ ಒಂದು ಬೀಪ್, ಹಿಂದೆಯೇ ಗಿಡ್ಡ ಗಿಡ್ಡವಾಗಿ ಎರಡು.

ನಾನು ಗಾಬರಿಯಾದೆ. ಚಿಕ್ಕಪ್ಪನ ಮುಖ ಅರಳಿತು. ‘ಕೇಳಿದ್ಯೇನೋ? ಮಾತಾಡ್ತಾ ಇದೆ’ ಎಂದರು. ಮೂಗ ಯಂತ್ರಗಳ ಕಾಲದಲ್ಲಿ ಕೊನೆಗೂ ಒಂದು ಯಂತ್ರ ಬಾಯಿಬಿಟ್ಟಿತಲ್ಲ ಎಂಬ ಸಂತೋಷ. ಆರಿಸಿ ಮತ್ತೆ ಹಾಕಿದರು. ಒಂದು ಉದ್ದ, ಎರಡು ಗಿಡ್ಡ. ಇನ್ನೊಮ್ಮೆ ಹಾಕಿದರು. ಅದೇ.

‘ಗುರು, ಲಘು, ಲಘು. ಭಗಣ’ ಎಂದರು ಬಾಗಿಲಲ್ಲಿದ್ದ ಪಂಡಿತ ಪರೀಕ್ಷೆ.

‘ಹಂಗಂದ್ರೆ ಏನರ್ಥ?’ ಚಿಕ್ಕಪ್ಪ ನಿಜವಾದ ಕುತೂಹಲದಿಂದ ಕೇಳಿದರು.

‘ಅರ್ಥ ಏನೂ ಇಲ್ಲ. ಪದ್ಯ ಬರೆಯೋರಿಗೆ ಬೇಕು. ನೀವು ನನ್ನ ಮಾರೇನಹಳ್ಳಿ ಕಾರ್ಡ್ ವಾಪಸ್ ಕೊಡಿ.’

ನಾನು ಕಂಪ್ಯೂಟರಿನ ಜೊತೆ ಬಂದಿದ್ದ ಸಣ್ಣ ಪುಸ್ತಕವನ್ನು ಹುಡುಕಿ ಓದಿದೆ. ಒಂದು ಉದ್ದ, ಎರಡು ಗಿಡ್ಡ ಎಂದರೆ ಗ್ರಾಫಿಕ್ಸ್ ಕಾರ್ಡಿನ ದೋಷ ಎಂದಿತ್ತು. ಹೇಳಿದೆ.

‘ಪುಸ್ತಕ ಬರ್ದೋನು ನಮ್ಮನೆಗೆ ಬಂದಿದ್ನಾ?’ ಎಂದರು ಚಿಕ್ಕಪ್ಪ.

‘ಚಿಕ್ಕಪ್ಪ, ಕ್ರಮವಾಗಿ ಹೋಗೋಣ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದ್ಲು ಹಳೇ ಕಾರ್ಡು ಹಾಕಿ ನೋಡೋಣ. ಅದು ಕೆಲಸ ಮಾಡಿದ್ರೆ ಹೊಸ ಕಾರ್ಡೇ ಕೆಟ್ಟಿದೆ ಅಂತ ಆಯ್ತು.’

ವಿಶ್ವವಿದ್ಯಾಲಯದ ಮಾತು, ತೆಗೆದುಹಾಕುವಂತಿರಲಿಲ್ಲ. ಹಳೆಯ ಕಾರ್ಡು ಹಾಕಿದೆವು. ಚಿಕ್ಕಮ್ಮ ಕೈ ಮುಗಿದುಕೊಂಡರು. ಒಂದು ಉದ್ದ, ಎರಡು ಗಿಡ್ಡ.

ಬೆಳಿಗ್ಗೆವರೆಗೂ ಕೆಲಸ ಮಾಡುತ್ತಿದ್ದ ಕಾರ್ಡು, ಬೆಳಿಗ್ಗೆವರೆಗೂ ಕೆಲಸ ಮಾಡುತ್ತಿದ್ದ ಡಬ್ಬ. ಈಗ ಎರಡೂ ಸೇರಿ ಭಗಣ ಹಾಡುತ್ತಿವೆ. ನಾನು ಟಾರ್ಚು ಹಿಡಿದು ಗಂಭೀರವಾಗಿ ತೀರ್ಪು ಕೊಟ್ಟೆ: ‘ಮದರ್‌ಬೋರ್ಡೇ ಹೋಗಿದೆ.’

ಚಿಕ್ಕಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಪ್ರೆಸ್ಸಿನ ಯಜಮಾನರು. ಗದಗಿನ ಕಡೆಯವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವರ ಮಾತು ಮಾತ್ರ ಇನ್ನೂ ರೈಲು ಹತ್ತಿರಲಿಲ್ಲ.

‘ಅಕ್ಕಾರ, ಕಾರ್ಡ್ ಆತೇನ್ರಿ? ಹುಡುಗಿ ಅಪ್ಪ ಇಲ್ಲೇ ಕುಂತಾನ್ರಿ. ಅವರ ಕಾಕಾನ ಹೆಸರಿನ ಮುಂದ ನಿವೃತ್ತ ಅಂತ ಹಾಕ್ಬೇಕಂತ. ಹನ್ನೆರಡನೇದ್ದು. ಇದ ಕಡೀದ್ದು ಅಂತ ಆಣಿ ಮಾಡ್ಯಾನ.’

‘ಹಾಕ್ತೀನಿ’ ಎಂದರು ಚಿಕ್ಕಮ್ಮ. ಅದನ್ನು ಅಂಗೈ ಮೇಲೆ ಬರೆದುಕೊಂಡರು. ಹಾಗೆಂದು ನನ್ನ ನೆನಪು.

‘ಮುಂಜಾನೆ ಎಂಟಕ್ಕ ಮಷಿನ್ ಮ್ಯಾಗ ಹಾಕಾಂವ ಅದೀನ್ರಿ. ನಿಮ್ಮ ಮ್ಯಾಲ ನನಗೇನ ಚಿಂತಿಲ್ಲ ಬಿಡ್ರಿ, ನೀವು ಯಾವತ್ತ ತಪ್ಪಿಸೀರಿ.’

ಫೋನು ಇಟ್ಟು ಚಿಕ್ಕಮ್ಮ ನಮ್ಮ ಕಡೆ ನೋಡಿದರು. ‘ಬಿಡೋದು ಬಿಡ್ತಾ ಇದ್ದೆ. ಮರ್ಯಾದೆಯಾಗಿ ಬಿಡೋಣ ಅಂತಿದ್ದೆ’ ಎಂದರು.

ನಾನು ಒಂದು ದಾರಿ ಹೇಳಿದೆ. ಒಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿಕೊಂಡು ನನ್ನ ಗೆಳೆಯನ ಮನೆಯ ಕಂಪ್ಯೂಟರಿಗೆ ಹಾಕಿ ಮ್ಯಾಟರ್ ತೆಗೆಯಬಹುದು. ಚಿಕ್ಕಪ್ಪ ಆ ಡಬ್ಬವನ್ನು ತಬ್ಬಿಕೊಂಡ ಹಾಗೆ ಕೈ ಅಡ್ಡ ಇಟ್ಟರು. ‘ಜ್ವರ ಬಂದಿದೆ ಅಂತ ತಲೆ ಕತ್ತರಿಸ್ಕೊಂಡು ಬೇರೆಯವರ ಮೈಗೆ ಇಡ್ತಾರೇನೋ? ತಡಿ. ನಾನು ಇನ್ನೂ ಕೇಳೇ ಇಲ್ಲ.’

ಕೇಳುವುದೆಂದರೆ ಹೀಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೇಲೆ ಇಡುವುದು, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳುವುದು. ಡಾಕ್ಟರರ ಸ್ಟೆತಾಸ್ಕೋಪಿನ ಬಡ ತಮ್ಮ. ಆದರೆ ಅದಕ್ಕೆ ನಿಶ್ಶಬ್ದ ಬೇಕು. ಚಿಕ್ಕಪ್ಪ ಮೊದಲು ನಮ್ಮ ಫ್ಯಾನು ಆರಿಸಿದರು. ಫ್ರಿಜ್ಜು ಆರಿಸಿದರು. ಬಾಲ್ಕನಿಗೆ ಹೋಗಿ, ‘ಅಮ್ಮಾ, ಟಿ.ವಿ. ಸ್ವಲ್ಪ ಆರಿಸ್ತೀರಾ, ಸೀರಿಯಸ್ ಇದೆ’ ಎಂದರು. ಕೆಳಗಿನ ಮನೆಯಾಕೆ ಭಾನುವಾರದ ಸಿನಿಮಾವನ್ನು ನಿಲ್ಲಿಸಿದರು. ಎದುರು ಮನೆಯ ಮಿಕ್ಸಿ ನಿಂತಿತು. ಹೂವಿನವನಿಗೆ ಸನ್ನೆ ಮಾಡಿದರು. ಅವನು ಕೂಗುವುದನ್ನು ಬಿಟ್ಟು ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಹೋದ. ಬೀದಿಗೆ ಬೀದಿಯೇ ಉಸಿರು ಹಿಡಿಯಿತು. ಆ ನಿಶ್ಶಬ್ದಕ್ಕೆ ಹೆದರಿ ಪಕ್ಕದ ಮನೆಯ ಹಿರಿಯರೊಬ್ಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು, ನನ್ನನ್ನು ಮೆಲ್ಲಗೆ ಕೇಳಿದರು: ‘ಯಾವಾಗ ಹೋಗಿದ್ದು?’

‘ಹನ್ನೊಂದೂವರೆಗೆ’ ಎಂದೆ. ಅವರು ಚಿಕ್ಕಮ್ಮನ ಮುಖ ನೋಡಿದರು, ಆಮೇಲೆ ಬದುಕಿರುವ ಚಿಕ್ಕಪ್ಪನನ್ನು ನೋಡಿದರು, ಆಮೇಲೆ ಟವೆಲ್ ತೆಗೆದು ಬಗಲಲ್ಲಿ ಮಡಚಿಕೊಂಡು ಇಳಿದು ಹೋದರು.

ಚಿಕ್ಕಪ್ಪ ಒಂದೊಂದೇ ಚಿಪ್ಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಆಲಿಸಿದರು. ಕಾರ್ಡು ತೆಗೆದು, ಒರೆಸಿ, ಮತ್ತೆ ಚುಚ್ಚಿ ಆಲಿಸಿದರು. ನಾನು, ಒಳಗೆ ಆಲಿಸುವಂಥದ್ದು ಏನೂ ಇಲ್ಲ, ವಿದ್ಯುತ್ತು ಹರಿಯುವುದಕ್ಕೆ ಸದ್ದು ಬರುವುದಿಲ್ಲ ಎಂದು ವೈಜ್ಞಾನಿಕವಾಗಿ ವಿವರಿಸುತ್ತಿದ್ದೆ. ಇಪ್ಪತ್ತು ನಿಮಿಷವಾದ ಮೇಲೆ ಅವರು ತಲೆ ಎತ್ತಿ ನನ್ನ ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಂದ ನಾನು ಕೇಳಿದ ಮಾತನ್ನು ಹೇಳಿದರು.

‘ಏನೂ ಕೇಳಿಸ್ತಾ ಇಲ್ಲ ಕಣೋ.’

ಎಷ್ಟು ದಿನದಿಂದ ನಾನು ಅವರ ಕಿವಿಯನ್ನು ಹಾಸ್ಯ ಮಾಡಿದ್ದೆ. ಆ ಮಾತು ಕೇಳಿದಾಗ ಮಾತ್ರ ಖುಷಿಯಾಗಲಿಲ್ಲ.

ಚಿಕ್ಕಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ಎದ್ದು ಹತ್ತಿರ ಬಂದರು. ಗಂಡನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು.

‘ರೀ, ನೀವು ಕಿವಿಗೆ ಯಾವಾಗ ಕುಂಕುಮ ಇಟ್ಕೊಂಡ್ರಿ?’

ಕಿವಿಯ ಹಿಂದೆ, ಸ್ಕ್ರೂಡ್ರೈವರಿನ ಹಿಡಿ ಒತ್ತುತ್ತಿದ್ದ ಜಾಗದಲ್ಲಿ, ಕೆಂಪು ಮೆತ್ತಿತ್ತು. ಹಿಡಿಯ ಮೇಲೂ ಇತ್ತು. ಅವರ ಹೆಬ್ಬೆರಳು ತೋರುಬೆರಳಲ್ಲೂ ಇತ್ತು. ಕಾರ್ಡನ್ನು ತೆಗೆದು ಹಾಕಿದ ಬೆರಳುಗಳು ಅವು. ನಾನು ಟಾರ್ಚು ಬಿಟ್ಟು ನೋಡಿದೆ. ಹೊಸ ಕಾರ್ಡಿನ ಕೆಳಗಿನ ಚಿನ್ನದ ಬಣ್ಣದ ಅಂಚು, ಅಂದರೆ ಮದರ್‌ಬೋರ್ಡಿನೊಳಗೆ ಕೂತು ಸಂಪರ್ಕ ಕೊಡಬೇಕಾದ ಹಲ್ಲುಗಳ ಸಾಲು, ಕಾಂಜೀವರಂ ಸೀರೆಯ ಜರಿಯ ಮೇಲೆ ಸಾರು ಚೆಲ್ಲಿದ ಹಾಗಿತ್ತು. ಅದನ್ನು ಚುಚ್ಚಿದ್ದ ಸೀಳಿನೊಳಗೂ ಕುಂಕುಮ. ಅದರಿಂದ ಹಳೆಯ ಕಾರ್ಡಿಗೂ ಕುಂಕುಮ. ಮದರ್‌ಬೋರ್ಡು ಸತ್ತಿರಲಿಲ್ಲ. ಮುತ್ತೈದೆಯಾಗಿತ್ತು.

ಈಗ ಆ ವಿಚಾರ. ‘ಇಡೀ ಕಾರ್ಡಲ್ಲಿ ಬೊಟ್ಟು ಇಡೋಕೆ ಲಕ್ಷಣವಾಗಿದ್ದ ಜಾಗ ಆ ಚಿನ್ನದ ಅಂಚೊಂದೇ, ಆದ್ರೆ ನಾನು ಅಲ್ಲಿಡ್ಲಿಲ್ಲ, ಫ್ಯಾನಿನ ಮೇಲಿಟ್ಟೆ, ಇವರು ಇನ್ನೊಂದು ಸಲ ಇಟ್ರು’ ಎನ್ನುತ್ತಾರೆ ಚಿಕ್ಕಮ್ಮ. ‘ನಮ್ಮ ಪ್ರೊಫೆಸರ್ರು ತಟ್ಟೆಯಿಂದ ಕಾರ್ಡ್ ಎತ್ತಿಕೊಡೋವಾಗ ಒದ್ದೆ ಬೊಟ್ಟಿನ ಮೇಲೇ ಬೆರಳಿಟ್ಟು ಅಂಚಿಗೆಲ್ಲ ಸವರಿದ’ ಎಂದು ನನ್ನ ಕಡೆ ಕೈ ತೋರಿಸುತ್ತಾರೆ ಚಿಕ್ಕಪ್ಪ. ಚಿಕ್ಕಮ್ಮ ಬೊಟ್ಟಿಟ್ಟದ್ದೇ ಅಂಚಿಗೆ, ನಾನು ಬರೀ ಟಾರ್ಚು ಹಿಡಿದಿದ್ದೆ ಎಂಬುದು ನನ್ನ ಹೇಳಿಕೆ. ಆದರೆ ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಇದ್ದ ಒಂದು ಚಿತ್ರ ನನ್ನ ತಲೆಯಲ್ಲಿದೆ. ಅದು ಆ ದಿನದ್ದೋ, ಯಾವುದೋ ಯುಗಾದಿಯದ್ದೋ, ನನಗೆ ಗೊತ್ತಿಲ್ಲ.

ಶುದ್ಧ ಮಾಡುವ ಕೆಲಸವನ್ನು ಚಿಕ್ಕಪ್ಪ ಯಾರಿಗೂ ಬಿಡಲಿಲ್ಲ. ಕಾರ್ಡಿನ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳೆಯಿಸಿದರು. ಆದರೆ ಸೀಳಿನೊಳಗೆ ಬೆರಳು ಹೋಗುವುದಿಲ್ಲ. ಅದಕ್ಕೆ ಅವರು ಎಕ್ಸ್‌ಚೇಂಜಿನ ಹಳೆಯ ಉಪಾಯ ತೆಗೆದರು. ರಿಲೇಗಳ ಬಾಯಿ ಕಪ್ಪಾದರೆ ದಪ್ಪ ಕಾಗದದ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನಡುವೆ ತೂರಿಸಿ ಎಳೆಯುವುದಂತೆ.

‘ದಪ್ಪ ಕಾಗದ ಕೊಡೇ. ತೀರಾ ದಪ್ಪ ಬೇಡ, ತೀರಾ ತೆಳ್ಳಗೂ ಬೇಡ.’

ಆ ಮನೆಯಲ್ಲಿ ಇನ್ನೇನಿಲ್ಲದಿದ್ದರೂ ದಪ್ಪ ಕಾಗದಕ್ಕೆ ಬರವಿಲ್ಲ. ಚಿಕ್ಕಮ್ಮ ಮಾದರಿಗೆಂದು ಇಟ್ಟಿದ್ದ ಹಳೆಯ ಲಗ್ನಪತ್ರಿಕೆಗಳನ್ನು ತಂದು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಟ್ಟರು. ಒಂದೊಂದನ್ನು ತೂರಿಸಿ ಎಳೆದಾಗಲೂ ಚಿಕ್ಕಪ್ಪ ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ಚಿ. ರಾ. ಕೆಂಪಾಗಿದಾನೆ. ಇನ್ನೊಂದು ಕೊಡು.’ ‘ಚಿ. ಸೌ. ಪರವಾಗಿಲ್ಲ.’ ‘ಪುರೋಹಿತರು ಬೆಳ್ಳಗೆ ಬಂದ್ರು ನೋಡು.’ ಹದಿನೈದು ಮದುವೆಗಳಾದರೂ ಆ ಸೀಳಿನೊಳಗೆ ನಡೆದವು. ಚಿಕ್ಕಮ್ಮ ಎರಡು ದಿನದ ಮೇಲೆ ಮೊದಲ ಸಲ ನಕ್ಕರು.

‘ಸರಿ ಚಿಕ್ಕಪ್ಪ, ಈಗ ಹಳೇ ಕಾರ್ಡು ಹಾಕಿ. ಚಿಕ್ಕಮ್ಮ ಕೆಲಸ ಮುಗಿಸ್ಲಿ’ ಎಂದೆ.

‘ಹೊಸದೇ ಹಾಕೋದು.’

‘ರೀ, ನಿಮ್ಮ ಆಟ ನಾಳೆ ಆಡ್ರಿ. ಕೈ ಮುಗೀತೀನಿ.’

‘ಹೊಸದೇ.’

ಹೆಂಡತಿಯ ಮಾತಿಗೆ ಅವರು ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆಕೆ ಕೊಟ್ಟ ಚಪ್ಪೆ ಸಾರನ್ನು ಎರಡು ದಿನ ‘ಚೆನ್ನಾಗಿದೆ’ ಎಂದು ಉಂಡ ಮನುಷ್ಯ. ಒಂದು ಕಾರ್ ಆಟಕ್ಕಾಗಿ ಇಷ್ಟು ಹಟವೇ ಎಂದು ನನಗೆ ಬೇಜಾರಾಯಿತು. ನಾನು ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸುವವನು. ಪಂಚಾಂಗ, ಪೇಪರು, ಪಾಠಪುಸ್ತಕ ಯಾವುದನ್ನೂ ಬಿಟ್ಟವನಲ್ಲ. ಆ ಕಾರ್ ಆಟವನ್ನು ಮಾತ್ರ ಒಂದು ಕ್ಷಣವೂ ಅನುಮಾನಿಸಲಿಲ್ಲ.

ಹೊಸ ಕಾರ್ಡು ಒಳಗೆ ಕೂತಿತು. ಸ್ವಿಚ್ಚು. ಫ್ಯಾನು. ಆಮೇಲೆ ಒಂದೇ ಒಂದು ಗಿಡ್ಡ ಬೀಪ್. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಚಿಕ್ಕಪ್ಪ ತೆರೆಯನ್ನು ನೋಡಲೇ ಇಲ್ಲ. ಬೀಪಿಗೇ ಕಣ್ಣುಮುಚ್ಚಿ ತಲೆದೂಗಿದರು. ಕೆಳಗಿನ ಮನೆಯಾಕೆ ‘ಈಗ ಟಿ.ವಿ. ಹಾಕ್ಬೋದಾ?’ ಎಂದು ಕೂಗಿ ಕೇಳಿದರು.

ಆದರೆ ಚಿಕ್ಕಮ್ಮನಿಗೆ ಇನ್ನೂ ಕುರ್ಚಿ ಸಿಗಲಿಲ್ಲ. ‘ಇಬ್ರೂ ಆಚೆ ಹೋಗಿ. ಒಂದು ಸಿ.ಡಿ. ಹಾಕ್ಬೇಕು, ಹತ್ತು ನಿಮಿಷ’ ಎಂದು ಚಿಕ್ಕಪ್ಪ ಬಾಗಿಲು ಮುಚ್ಚಿಕೊಂಡರು. ಆಟ ಹಾಕಿಕೊಳ್ಳುತ್ತಿದ್ದಾರೆ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಮಾತಾಡಿಕೊಂಡೆವು. ಚಿಕ್ಕಮ್ಮ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟರು.

ಬಾಗಿಲು ತೆಗೆದಾಗ ಎರಡು ಗಂಟೆಯಾಗಿತ್ತು ಎಂದಿಟ್ಟುಕೊಳ್ಳೋಣ. ಚಿಕ್ಕಮ್ಮ ಊಟಕ್ಕೂ ಕಾಯದೆ ಹೋಗಿ ಕೂತರು. ಮಾರೇನಹಳ್ಳಿಯ ಕಾರ್ಡು ತೆರೆದರು. ಐವತ್ತೆರಡು ಬಂಧುಗಳು ಕ್ಷೇಮವಾಗಿದ್ದರು. ನಾನು ಪಕ್ಕದಲ್ಲಿ ಕೂತು ಹಳೆಯ ಪ್ರತಿಯಿಂದ ಹೆಸರು ಓದುತ್ತಿದ್ದೆ, ಅವರು ಒಂದೊಂದನ್ನೇ ತಾಳೆ ನೋಡುತ್ತಿದ್ದರು. ಕಾಕಾನ ಮುಂದೆ ‘ನಿವೃತ್ತ’ ಕೂತಿತು. ಅಂಚಿನ ಹೂಬಳ್ಳಿ ಕೂತಿತು. ಚಿಕ್ಕಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಕೆಳಗೆ ಕೂತು ಸ್ಕ್ರೂಗಳನ್ನು ಕುಂಕುಮದ ಬಟ್ಟಲಿನಿಂದ ತೆಗೆದು ಒರೆಸುತ್ತಿದ್ದರು. ಯಾವ ಆಟವೂ ಶುರುವಾಗಲಿಲ್ಲ.

ನಾಲ್ಕೂವರೆಗೆ ಚಿಕ್ಕಮ್ಮ ಕೈ ನಿಲ್ಲಿಸಿದರು. ಹಣೆಯನ್ನು ಮುಟ್ಟಿಕೊಂಡರು. ಮಾಮೂಲಿನಂತೆ ಒದ್ದೆ ಬಟ್ಟೆ ಕೇಳುತ್ತಾರೆಂದು ನಾನು ಎದ್ದೆ.

‘ಬೇಡ ಕಣೋ’ ಎಂದರು. ತೆರೆಯನ್ನು ಹತ್ತಿರದಿಂದ ನೋಡಿದರು, ಹಿಂದೆ ಸರಿದು ನೋಡಿದರು. ‘ಇದು ಅದುರ್ತಾ ಇಲ್ಲ.’

‘ಏನು ಅದುರ್ತಾ ಇಲ್ಲ?’

‘ಅಕ್ಷರ. ಮೊದ್ಲು ಸಣ್ಣಗೆ ಅದುರ್ತಿತ್ತು. ನನ್ನ ಕಣ್ಣೇ ಅದುರ್ತಾ ಇದೆ ಅಂದ್ಕೊಂಡಿದ್ದೆ.’

ಬಾಗಿಲ ಕಡೆ ತಿರುಗಿ, ‘ರೀ’ ಎಂದರು.

‘ಹೂಂ.’

‘ಏನ್ ಮಾಡಿದ್ರಿ ಇದಕ್ಕೆ?’

‘ನಾನೇನ್ ಮಾಡ್ಲಿ. ಕುಂಕುಮ ಇಟ್ಟಿದ್ಯಲ್ಲ, ಫಲ ಕೊಟ್ಟಿರ್ಬೇಕು’ ಎಂದು ಚಿಕ್ಕಪ್ಪ ಇನ್ನೊಂದು ಸ್ಕ್ರೂ ಒರೆಸಿದರು.

ಚಿಕ್ಕಮ್ಮ ಆ ಸೀಸನ್ನು ಮುಗಿದ ಮೇಲೆ ಕಂಪ್ಯೂಟರ್ ಮಾರಲಿಲ್ಲ. ಅದರ ಮುಂದಿನ ಸೀಸನ್ನೂ ಮಾರಲಿಲ್ಲ. ಆಮೇಲೆ ಒಂಬತ್ತು ವರ್ಷ ಆ ಕೋಣೆಯಲ್ಲಿ ಕೂತು ವಿಜಯನಗರದ ಅರ್ಧ ಜನರ ಮದುವೆ ಮಾಡಿಸಿದರು. ಚಿಕ್ಕಪ್ಪನನ್ನು ಇಂದಿಗೂ ಕೇಳಿದರೆ, ‘ಆಟಕ್ಕೇ ಕಣೋ ತಂದಿದ್ದು. ಆಡಿ ಬೇಜಾರಾಯ್ತು, ತೆಗೆದ್ಬಿಟ್ಟೆ’ ಎನ್ನುತ್ತಾರೆ. ಕಾರ್ಡು ತರುವ ಮೊದಲಿನ ಕೆಲವು ವಾರ, ಚಿಕ್ಕಮ್ಮ ಟೈಪು ಮಾಡುತ್ತಿದ್ದಾಗ ಅವರು ಪಕ್ಕದಲ್ಲಿ ನಿಂತು ಆ ತೆರೆಯ ಮುಂದೆ ಪೆನ್ಸಿಲ್ಲೊಂದನ್ನು ಬೀಸಣಿಗೆಯ ಹಾಗೆ ಅಲ್ಲಾಡಿಸಿ, ಅದರ ನೆರಳು ಎಷ್ಟಾಗಿ ಒಡೆದು ಕಾಣುತ್ತದೆ ಎಂದು ಕಣ್ಣು ಕಿರಿದು ಮಾಡಿ ಎಣಿಸುತ್ತಿದ್ದದ್ದು ನನಗೆ ನೆನಪಿದೆ. ಕಿವಿಯ ಮನುಷ್ಯ ಅಷ್ಟು ಹೊತ್ತು ಕಣ್ಣಿನಿಂದ ನೋಡಿದ್ದು ಅದೊಂದನ್ನೇ. ಅಥವಾ ಇದನ್ನೆಲ್ಲ ಆಮೇಲೆ ನಾನೇ ನನ್ನ ಅನುಕೂಲಕ್ಕೆ ನೆನಪು ಮಾಡಿಕೊಂಡೆನೋ, ಹೇಳಲಾರೆ.

ಆದ್ದರಿಂದ ಪರೀಕ್ಷಿಸಿದೆ. ಮೊನ್ನೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಹಳೆಯ ಡಬ್ಬವನ್ನೂ ಆ ದಪ್ಪ ಮಾನಿಟರನ್ನೂ ಇಳಿಸಿದರು. ಇಬ್ಬರೂ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ತಂತಿ ಚುಚ್ಚಿ ಸ್ವಿಚ್ ಹಾಕಿದೆ. ಗಡಿಯಾರ ಮರೆತುಹೋಗಿತ್ತು, ತಾರೀಕು ಏನೇನೋ ತೋರಿಸಿತು. ಉಳಿದದ್ದೆಲ್ಲ ಹಾಗೇ ಇತ್ತು. ಆ ಕಾಲದ ಡಬ್ಬಿ ಮಾನಿಟರಿನ ತೆರೆ ಸೆಕೆಂಡಿಗೆ ಹಲವು ಸಲ ಆರಿ ಹೊತ್ತಿಕೊಳ್ಳುತ್ತಿರುತ್ತದೆ; ಅದರ ಮುಂದೆ ಅಲ್ಲಾಡಿಸಿದ ಪೆನ್ಸಿಲ್ಲು ಹಲವಾಗಿ ಒಡೆದು ಕಾಣುವುದು ಅದರಿಂದಲೇ. ಎಷ್ಟು ಸಲ ಎಂದು ನಾವೇ ಗೊತ್ತುಮಾಡಬಹುದು. ಸೆಕೆಂಡಿಗೆ ಅರವತ್ತು ಸಲವಾದರೆ ಕೆಲವರ ಕಣ್ಣಿಗೆ ಅದುರುತ್ತದೆ, ತಲೆ ನೋಯುತ್ತದೆ. ಅಷ್ಟು ದೊಡ್ಡ ತೆರೆಯನ್ನು ಅರವತ್ತರ ಮೇಲೆ ಓಡಿಸುವ ಶಕ್ತಿ ಹಳೆಯ ಕಾರ್ಡಿಗೆ ಇರಲಿಲ್ಲ. ಆ ಯಂತ್ರ ತಾನಾಗಿ ಅರವತ್ತನ್ನೇ ಹಿಡಿಯುತ್ತದೆ; ಹೆಚ್ಚು ಬೇಕಾದರೆ ಯಾರಾದರೂ ಕೂತು, ಸೆಟ್ಟಿಂಗುಗಳ ಒಳಗಿನ ಮೂರು ಬಾಗಿಲು ದಾಟಿ, ಕೈಯಾರೆ ಬದಲಾಯಿಸಬೇಕು. ನಾನು ಆ ಮೂರು ಬಾಗಿಲು ದಾಟಿ ನೋಡಿದೆ. ಎಂಬತ್ತೈದು ಎಂದಿತ್ತು.